ಮೇಲಿನ ಮೂರಡಿ ಮಣ್ಣು ಯಾರದು?

ಫುಟ್‌ಪಾತಿನ ಚಪ್ಪಡಿ ಎದ್ದಿದೆ ಅಂತ ನಗರಸಭೆಗೆ ದೂರು ಬರುತ್ತದೆ. ಇಂಜಿನಿಯರ್ ಬಂದು ಚಪ್ಪಡಿ ತೆಗೆಸಿ ನೋಡಿದರೆ ಕೆಳಗೆ ತೋಳು ದಪ್ಪದ ಬೇರು. ತಪ್ಪು ಮರದ್ದೇ ಅಂತ ತೀರ್ಮಾನವಾಗಿ, ಕೊಡಲಿ ಬರುತ್ತದೆ. ಬೇರು ಅಲ್ಲಿಗೇ ಯಾಕೆ ಬಂತು ಅಂತ ಕೇಳುವವರು ಕಡಿಮೆ.

ಬೇರು ಅಂದ ಕೂಡಲೇ ಪಾತಾಳಕ್ಕೆ ಇಳಿದ ತಾಯಿಬೇರು ನೆನಪಾಗುತ್ತದೆ, ಅಲ್ವಾ? ದೊಡ್ಡ ಮರಗಳಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಬೇರುಗಳ ಬಹುಪಾಲು ಮೇಲಿನ ಮೂರಡಿ ಮಣ್ಣಲ್ಲೇ ತಟ್ಟೆಯ ಹಾಗೆ ಹರಡಿರುತ್ತದೆ. ನೀರು, ಸತ್ವ ಹೀರುವ ಸಣ್ಣ ಬೇರುಗಳಂತೂ ಮೊದಲ ಒಂದಡಿಯಲ್ಲೇ ಜಾಸ್ತಿ. ಅಡ್ಡಕ್ಕೆ ಮಾತ್ರ ಕೊಂಬೆಗಳ ನೆರಳು ದಾಟಿ ಬಹುದೂರ ಹೋಗುತ್ತವೆ. ಬೇರೂ ಉಸಿರಾಡಬೇಕು, ಅದೇ ಕಾರಣ. ಎಲೆಯಲ್ಲಿ ತಯಾರಾಗಿ ಕೆಳಗಿಳಿದ ಸಕ್ಕರೆಯಿಂದ ಶಕ್ತಿ ಪಡೆಯಲು ಅದಕ್ಕೆ ಆಮ್ಲಜನಕ ಬೇಕು. ಆಳಕ್ಕೆ ಹೋದಷ್ಟೂ ಅದು ಸಿಗುವುದು ಕಮ್ಮಿ. ಒಳ್ಳೆಯ ಮಣ್ಣನ್ನು ಕೈಯಲ್ಲಿ ಹಿಡಿದರೆ ಅದರ ಗಾತ್ರದಲ್ಲಿ ಹತ್ತಿರಹತ್ತಿರ ಅರ್ಧ ಬರೀ ಸಂದು. ಗಾಳಿ, ನೀರು ಎರಡೂ ಆ ಸಂದುಗಳಲ್ಲೇ ಇರುತ್ತವೆ.

ರಸ್ತೆ ಮಾಡುವವರಿಗೂ ಬೇಕಾದ್ದು ಅದೇ ಮೂರಡಿ. ಆದರೆ ಅವರಿಗೆ ಸಂದು ಇರಕೂಡದು. ಸಂದು ಇದ್ದರೆ ಲಾರಿ ಹೋದಾಗ ನೆಲ ಕುಸಿಯುತ್ತದೆ, ಡಾಂಬರು ಒಡೆಯುತ್ತದೆ. ಮಣ್ಣನ್ನು ಅದುಮಿ ಎಷ್ಟು ಗಟ್ಟಿ ಮಾಡಬಹುದು ಅಂತ ಅಳೆಯುವ ಪರೀಕ್ಷೆಯನ್ನು ಕ್ಯಾಲಿಫೋರ್ನಿಯಾದ ಇಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಪ್ರಕಟಿಸಿದರು. ಅಣೆಕಟ್ಟೆಗೆ ಅಂತ ಹುಟ್ಟಿದ ಆ ಪರೀಕ್ಷೆ ರಸ್ತೆಗೂ ಬಂತು. ಆ ಪರೀಕ್ಷೆಯಲ್ಲಿ ಸಿಕ್ಕ ಗರಿಷ್ಠ ಸಾಂದ್ರತೆಯ ಶೇಕಡಾ 95ರಷ್ಟಾದರೂ ಬರಬೇಕು ಅನ್ನುವ ಷರತ್ತು ರಸ್ತೆ ಕೆಲಸದಲ್ಲಿ ಮಾಮೂಲು. ಬೇರಿನ ಕಡೆಯಿಂದ ನೋಡಿದರೆ, ಮಣ್ಣು ಒಡ್ಡುವ ತಡೆ ಸುಮಾರು 2 ಮೆಗಾಪ್ಯಾಸ್ಕಲ್ ದಾಟಿದ ಮೇಲೆ, ಅಂದರೆ ಚದರ ಸೆಂಟಿಮೀಟರಿಗೆ ಇಪ್ಪತ್ತು ಕಿಲೋ ಒತ್ತಡ ಮೀರಿದ ಮೇಲೆ, ಹೆಚ್ಚಿನ ಬೇರುಗಳು ಮುಂದೆ ಸಾಗಲು ತಿಣುಕುತ್ತವೆ.

ಈಗ ಆ ಎದ್ದ ಚಪ್ಪಡಿಯ ಅಡಿಗೆ ಬರೋಣ. ಕೆಳಗೆ ರೋಲರ್ ಹೊಡೆದ ನೆಲ, ಮೇಲೆ ಕಲ್ಲು, ನಡುವೆ ತೆಳ್ಳಗೆ ಮರಳು ಇಲ್ಲವೇ ಸಣ್ಣ ಜಲ್ಲಿ. ಆ ಪದರದಲ್ಲಿ ಗಾಳಿ ಇದೆ. ರಾತ್ರಿ ಚಪ್ಪಡಿ ತಣ್ಣಗಾದಾಗ ನೆಲದಿಂದ ಎದ್ದ ಆವಿ ಅದರ ಅಡಿಗೆ ಹನಿಗಟ್ಟುತ್ತದೆ. ಗಾಳಿಯೂ ಇದೆ, ನೀರೂ ಇದೆ, ಅಡ್ಡಿ ಮಾಡುವ ಮಣ್ಣಿಲ್ಲ. ನೂಲಿನಷ್ಟು ತೆಳ್ಳಗಿನ ಬೇರು ಅಲ್ಲಿ ನುಸುಳುತ್ತದೆ. ಆಮೇಲೆ ವರ್ಷ ವರ್ಷ ದಪ್ಪಗಾಗುತ್ತದೆ. ಕೆಳಗಿನ ನೆಲ ಜಗ್ಗುವುದಿಲ್ಲ, ಹಾಗಾಗಿ ಮೇಲಿನ ಕಲ್ಲು ಏಳಲೇಬೇಕು. ಬೇರೆ ದಾರಿಗಳನ್ನೆಲ್ಲ ರೋಲರ್ ಹೊಡೆದು ಮುಚ್ಚಿದ್ದು ನಾವೇ.

ಆ ಬೇರು ಕಡಿದರೆ ಫುಟ್‌ಪಾತು ಸಮವಾಗುತ್ತದೆ, ನಿಜ. ಆದರೆ ಬುಡದ ಹತ್ತಿರದ ದಪ್ಪ ಬೇರುಗಳೇ ಮರವನ್ನು ಗಾಳಿಗೆ ಬೀಳದಂತೆ ಹಿಡಿದಿರುತ್ತವೆ. ಕಡಿದ ತುದಿಯಿಂದ ಶಿಲೀಂಧ್ರ ಒಳಗೆ ಹೋಗುತ್ತದೆ. ಮರ ನಾಳೆಯೇ ಬೀಳುವುದಿಲ್ಲ, ಎಷ್ಟೋ ವರ್ಷದ ಮೇಲೆ ಒಂದು ಬಿರುಗಾಳಿಗೆ ಉರುಳಬಹುದು. ಆ ಹೊತ್ತಿಗೆ ರಸ್ತೆಯ ಫೈಲು ಮುಚ್ಚಿ ಯಾವ ಕಾಲವಾಯಿತೋ. ಮರಕ್ಕೆ ಒಂದು ಫೈಲು, ರಸ್ತೆಗೆ ಇನ್ನೊಂದು ಇಟ್ಟಿರುವುದೇ ನನ್ನ ಪ್ರಕಾರ ಅರ್ಧ ಸಮಸ್ಯೆ.

ಎರಡನ್ನೂ ಒಟ್ಟಿಗೆ ಇಡಲು ದಾರಿ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನೀನಾ ಬಸ್ಸುಕ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಒಂದು ಮಿಶ್ರಣ ಮಾಡಿದರು. ತೂಕದಲ್ಲಿ ಸುಮಾರು ನಾಲ್ಕು ಪಾಲು ಜಲ್ಲಿ, ಒಂದು ಪಾಲು ಜೇಡಿ ಕೂಡಿದ ಮಣ್ಣು. ರೋಲರ್ ಹೊಡೆದಾಗ ಜಲ್ಲಿ ಒಂದಕ್ಕೊಂದು ಆನಿಸಿಕೊಂಡು ಭಾರ ಹೊರುತ್ತದೆ. ಸಂದಿನಲ್ಲಿರುವ ಮಣ್ಣಿಗೆ ಪೆಟ್ಟು ಬೀಳುವುದಿಲ್ಲ, ಬೇರು ಅದರೊಳಗೆ ಓಡಾಡುತ್ತದೆ. ಸ್ಟಾಕ್‌ಹೋಮಿನಲ್ಲಿ ಇನ್ನೂ ದೊಡ್ಡ ಕಲ್ಲು, 100ರಿಂದ 150 ಮಿಲಿಮೀಟರಿನವು, ಹಾಕಿ ಮಣ್ಣನ್ನು ನೀರಿನ ಜೊತೆ ಸಂದಿಗೆ ಇಳಿಸುತ್ತಾರೆ. ರಸ್ತೆಯ ಮಳೆನೀರೂ ಅಲ್ಲಿಗೇ ಹೋಗುತ್ತದೆ. ಇದೆಲ್ಲ ಆಗಬೇಕಾದ್ದು ರಸ್ತೆ ಅಗೆದಿರುವಾಗಲೇ. ಡಾಂಬರು ಬಿದ್ದ ಮೇಲೆ ಸುಮ್ನೆ ನೋಡಬೇಕಷ್ಟೆ.

ಮರದಿಂದ ರಸ್ತೆಗೆ ಲಾಭವೂ ಇದೆ. ಬಿಸಿಲಿಗೆ ಡಾಂಬರು ಕಾದು, ಗಾಳಿಯ ಆಮ್ಲಜನಕ ಸೇರಿ ಪೆಡಸಾಗಿ ಬಿರಿಯುತ್ತದೆ. ನೆರಳಿದ್ದರೆ ಇದು ನಿಧಾನ. ಕ್ಯಾಲಿಫೋರ್ನಿಯಾದ ಮೊಡೆಸ್ಟೋ ನಗರದ ರಸ್ತೆಗಳನ್ನು ಹೋಲಿಸಿ ನೋಡಿದ 2005ರ ಅಧ್ಯಯನದಲ್ಲೂ ನೆರಳಿರುವ ಕಡೆ ಡಾಂಬರು ಚೆನ್ನಾಗಿ ಉಳಿದಿತ್ತು.

ಇನ್ನು ಕೊಂಬೆ ಕತ್ತರಿಸುವ ಕೆಲಸ. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಕೊಳೆತ ಭಾಗದ ಸುತ್ತ ಮರ ಗೋಡೆ ಕಟ್ಟಿ, ಹೊರಗಿನಿಂದ ಹೊಸ ಕಟ್ಟಿಗೆ ಬೆಳೆಸಿ ಮುಚ್ಚುತ್ತದೆ. ಇದನ್ನು 1970ರ ದಶಕದಲ್ಲಿ ವಿವರಿಸಿದವರು ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೋ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ತೊಗಟೆ ಉಬ್ಬಿ ಬಳೆಯಂತಾಗಿರುತ್ತದೆ. ಗೋಡೆ ಕಟ್ಟುವ ಸಾಮರ್ಥ್ಯ ಅಲ್ಲಿದೆ. ಆ ಉಬ್ಬನ್ನು ಬಿಟ್ಟು, ಅದರ ಹೊರಗೆ ಕೊಯ್ಯಬೇಕು. ಕಾಂಡಕ್ಕೆ ಸಮವಾಗಿ ನುಣ್ಣಗೆ ಕೊಯ್ದರೆ ನೋಡಲು ಚೆಂದ, ಮರಕ್ಕೆ ಕೆಡುಕು. ಮೋಟು ಬಿಟ್ಟರೂ ಕೊಳೆಯುತ್ತದೆ. ಮೇಲೆ ಬಣ್ಣ, ಟಾರು ಬಳಿದರೆ ಕೊಳೆಯುವುದು ನಿಲ್ಲುವುದಿಲ್ಲ.

ಹೆಬ್ಬೆರಳು ದಪ್ಪ ಇರುವಾಗ ಕೈಕತ್ತರಿಯಿಂದ ತೆಗೆದ ಕೊಂಬೆಯ ಗಾಯ ಬೇಗ ಮುಚ್ಚುತ್ತದೆ. ಅದನ್ನೇ ಬಸ್ಸಿಗೆ ತಾಗುವ ತನಕ ಬಿಟ್ಟರೆ ಏಣಿ ಲಾರಿ, ಯಂತ್ರದ ಗರಗಸ, ರಸ್ತೆ ಬಂದ್ ಎಲ್ಲ ಬೇಕು. ಕೊಯ್ದ ಜಾಗ ಆಗ ಎಷ್ಟು ಅಗಲ ಇರುತ್ತದೆಂದರೆ, ಅದು ಮುಚ್ಚುವ ಮೊದಲೇ ಒಳಗೆ ಕೊಳೆ ಶುರುವಾಗಿರುತ್ತದೆ.