‘ಅವನೇ ಕೈ ಹಾಕಿದ’: ಬೆಳಗಾವಿ ಕಾರ್ಖಾನೆಗಳ ಗಾಯದ ಹಿಂದಿನ ಕತೆ

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಚಹಾ ಅಂಗಡಿಯಲ್ಲಿ ಕಾರ್ಖಾನೆ ಅಪಘಾತದ ಮಾತು ತೆಗೆದು ನೋಡಿ. ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: “ಮಶೀನು ಚಾಲೂ ಇತ್ತು, ಅವನೇ ಕೈ ಹಾಕಿದ.” ಹೇಳುವವರು ಮಾಲೀಕರೇ ಆಗಬೇಕಿಲ್ಲ. ಪಕ್ಕದ ಮಶೀನಿನವರೂ ಇದನ್ನೇ ಹೇಳುತ್ತಾರೆ. ಮಾತು ಸುಳ್ಳೂ ಅಲ್ಲ. ಆದರೆ ಚಾಲೂ ಇರುವ ಮಶೀನಿನೊಳಗೆ ಕೈ ಹೋಗುವಷ್ಟು ಜಾಗ ಯಾಕೆ ಬಿಟ್ಟಿದ್ದರು? ಕಾನೂನು ಈ ಪ್ರಶ್ನೆ ಕೇಳಲು ಶುರುಮಾಡಿ 140 ವರ್ಷ ದಾಟಿದೆ.

ದೇಶದ ಮೊದಲ ಫ್ಯಾಕ್ಟರಿ ಕಾಯ್ದೆ ಬಂದದ್ದು 1881ರಲ್ಲಿ. ಬೆಳಗಾವಿ ಆಗ ಮುಂಬೈ ಪ್ರಾಂತ್ಯದ ಜಿಲ್ಲೆ. ಕಾಯ್ದೆ ಬಲು ಸಣ್ಣದು. ಕನಿಷ್ಠ 100 ಜನ ದುಡಿಯುವ ಕಾರ್ಖಾನೆಗೆ ಮಾತ್ರ ಅನ್ವಯ. 7 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು, ಅಪಾಯದ ಯಂತ್ರಕ್ಕೆ ಬೇಲಿ ಹಾಕಬೇಕು ಎಂದಿತ್ತು. ಅದೇ ದಶಕದಲ್ಲಿ ಘಟಪ್ರಭೆಯ ನೀರಿನ ಬಲ ನಂಬಿ ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿ ಎದ್ದಿತು. ಆ ಕಾಲದ ಗಿರಣಿಗಳಲ್ಲಿ ಒಂದೇ ಶಾಫ್ಟ್‌ನಿಂದ ಸಾಲು ಮಶೀನುಗಳಿಗೆ ಪಟ್ಟಾ ಓಡುತ್ತಿತ್ತು. ಧೋತರದ ಚುಂಗು ಸಿಕ್ಕರೆ ಮುಗಿಯಿತು. ಚಾಲೂ ಯಂತ್ರದ ಬಳಿ ಹೋಗುವವನು ಮೈಗಂಟಿದ ಬಟ್ಟೆ ತೊಟ್ಟ, ತರಬೇತಿ ಪಡೆದ ವಯಸ್ಕನೇ ಆಗಿರಬೇಕು ಎಂದು 1948ರ ಫ್ಯಾಕ್ಟರಿ ಕಾಯ್ದೆ ಬರೆದದ್ದು ಇಂಥ ಅನುಭವದಿಂದಲೇ.

ದೊಡ್ಡ ತಿರುವು 1923ರದು. ಆ ವರ್ಷ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ಮಾಲೀಕನ ತಪ್ಪನ್ನು ಸಾಬೀತು ಮಾಡದೆಯೂ ಪರಿಹಾರ ಕೇಳಬಹುದಾಯಿತು. ಕುಡಿದಿದ್ದ, ಬೇಕಂತಲೇ ಯಂತ್ರದ ಗಾರ್ಡ್ (ಕೈ ಒಳಹೋಗದಂತೆ ತಡೆಯುವ ಅಡ್ಡ) ಕಿತ್ತಿದ್ದ ಎಂಬಂಥ ಕೆಲವು ಕಾರಣ ಕೊಟ್ಟು ಮಾಲೀಕ ತಪ್ಪಿಸಿಕೊಳ್ಳಬಹುದಿತ್ತು. ಈಗ ಕಾರ್ಮಿಕ ಸತ್ತರೆ ಅಥವಾ ಶಾಶ್ವತವಾಗಿ ಪೂರ್ತಿ ಕೈಲಾಗದವನಾದರೆ ಆ ಕಾರಣಗಳೂ ನಡೆಯುವುದಿಲ್ಲ. ಈ ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿ ಇತ್ತು. ಓದಿದರೆ ಮೈ ಜುಂ ಎನ್ನುತ್ತದೆ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿ ಶೇ. 30 ಹೋಯಿತು ಎಂದು ಲೆಕ್ಕ. ತೋರುಬೆರಳಿಗೆ ಶೇ. 14, ನಡುಬೆರಳಿಗೆ 12, ಉಂಗುರ ಬೆರಳಿಗೂ ಕಿರುಬೆರಳಿಗೂ ತಲಾ 7. ಒಂದೇ ಕೈಯ ನಾಲ್ಕು ಬೆರಳು ಹೋದರೆ 50. ಬಡಗಿಯ ಹೆಬ್ಬೆರಳೂ ವಾಚ್‌ಮನ್‌ನ ಹೆಬ್ಬೆರಳೂ ಇಲ್ಲಿ ಒಂದೇ.

ಇಷ್ಟೆಲ್ಲ ಆದಮೇಲೂ ‘ಅವನೇ ಕೈ ಹಾಕಿದ’ ಎಂಬ ಮಾತು ಹೇಗೆ ಉಳಿಯಿತು? ಅದಕ್ಕೆ ಲೆಕ್ಕದ ಬಲ ಕೊಟ್ಟವರಲ್ಲಿ ಹರ್ಬರ್ಟ್ ಹೈನ್ರಿಕ್ ಮುಖ್ಯರು. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಇವರು, 100ರಲ್ಲಿ 88 ಅಪಘಾತಗಳಿಗೆ ಮನುಷ್ಯರ ಅಸುರಕ್ಷಿತ ನಡೆಯೇ ಕಾರಣ ಎಂದು 1931ರಲ್ಲಿ ಬರೆದರು. ಅವರು ನೋಡಿದ್ದು ವಿಮೆಯ ಕಡತ ಮತ್ತು ಕಾರ್ಖಾನೆಯ ದಾಖಲೆ. ಅಂಥ ವರದಿ ಬರೆಯುತ್ತಿದ್ದವರು ಸೂಪರ್‌ವೈಸರ್‌ಗಳು. ಅವರು ತಮ್ಮ ತಪ್ಪನ್ನೋ ಮಾಲೀಕರ ತಪ್ಪನ್ನೋ ಯಾಕೆ ಬರೆದಾರು, ಅಲ್ವಾ? ಆ ಲೆಕ್ಕವನ್ನು ತಜ್ಞರು ಆಮೇಲೆ ಬಹಳ ಟೀಕಿಸಿದರು. ಆದರೂ ಅದು ಸುರಕ್ಷತಾ ತರಬೇತಿಗಳಲ್ಲಿ ಬಹುಕಾಲ ಬದುಕಿತು.

ಬೆಳಗಾವಿಯಲ್ಲಿ ಇದು ಎಲ್ಲಿ ಕಾಣುತ್ತದೆ? ತಗಡನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್ ನೋಡಿ. ಹೆಲ್ಪರ್ ಡೈ (ಅಚ್ಚು) ಮೇಲೆ ತಗಡು ಇಡುತ್ತಾನೆ, ಕಾಲಲ್ಲಿ ಪೆಡಲ್ ಒತ್ತುತ್ತಾನೆ. ಪಾಳಿಯಲ್ಲಿ ಇದೇ ಕೆಲಸ ಸಾವಿರಾರು ಸಲ. ಒಂದು ಸಲ ಕಾಲು ಮುಂಚೆ ಒತ್ತಿದರೆ ಸಾಕು. ಪರಿಹಾರ ಹಳೆಯದೇ: ಎರಡೂ ಕೈ ಎರಡು ಬಟನ್ ಮೇಲೆ ಇದ್ದರೆ ಮಾತ್ರ ಪ್ರೆಸ್ ಇಳಿಯಬೇಕು, ಅಥವಾ ಕೈ ಅಡ್ಡ ಬಂದರೆ ಸೆನ್ಸರ್ ನಿಲ್ಲಿಸಬೇಕು. ಆದರೆ ಪೀಸ್ ಲೆಕ್ಕದಲ್ಲಿ ಕೂಲಿ ಇದ್ದರೆ, ಗಾರ್ಡ್ ಕೆಲಸ ನಿಧಾನ ಮಾಡಿದರೆ, ಒಂದು ಬಟನ್‌ಗೆ ಟೇಪ್ ಸುತ್ತುವುದು ಎಲ್ಲ ಕಡೆ ಗೊತ್ತಿರುವ ಉಪಾಯ. ಟೇಪ್ ಸುತ್ತಿದವನನ್ನು ಬೈಯುವುದು ಸುಲಭ. ಪೀಸ್ ರೇಟು ಯಾರು ಇಟ್ಟರು ಅಂತ ಯಾರೂ ಕೇಳುವುದಿಲ್ಲ.

ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಯ ಗಾಯವೇ ಬೇರೆ. ಕರಗಿದ ಕಬ್ಬಿಣ 1,300 ಡಿಗ್ರಿಗೂ ಜಾಸ್ತಿ ಬಿಸಿ ಇರುತ್ತದೆ. ಒದ್ದೆಯಾದ ಮೋಲ್ಡ್‌ಗೋ, ಸರಿಯಾಗಿ ಒಣಗಿಸದ ಲ್ಯಾಡಲ್‌ಗೋ (ಎರಕ ಹೊಯ್ಯುವ ಪಾತ್ರೆ) ಅದು ಬಿದ್ದರೆ ನೀರು ಕ್ಷಣದಲ್ಲಿ ಉಗಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕಬ್ಬಿಣ ಸಿಡಿಯುತ್ತದೆ. ಬೆಳಗಾವಿಯ ಮಳೆಗಾಲ ಗೊತ್ತಿರುವವರಿಗೆ, ಸ್ಕ್ರ್ಯಾಪ್ ಅನ್ನು ಬಯಲಲ್ಲಿ ಹಾಕುವುದು ಯಾಕೆ ಅಪಾಯ ಅಂತ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಗಾಯ ಕಣ್ಣಿಗೆ ಕಾಣುವುದೇ ಇಲ್ಲ. ಮರಳಿನ ಸಣ್ಣ ಧೂಳು ವರ್ಷಗಟ್ಟಲೆ ಎದೆ ಸೇರಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಆಗುತ್ತದೆ. ಇಳಕಲ್ ಕಡೆಯ ಗ್ರಾನೈಟ್ ಕ್ವಾರಿಗಳಲ್ಲಿ ದುಡಿಯುವವರಿಗೂ ಇದೇ ಭಯ. ಕೆಲಸ ಬಿಟ್ಟು ಊರಿಗೆ ಹೋದಮೇಲೆ ಕೆಮ್ಮು ಶುರುವಾದರೆ ಅದು ಯಾವ ಅಪಘಾತದ ರಿಜಿಸ್ಟರಿಗೂ ಹತ್ತುವುದಿಲ್ಲ.

ಸಕ್ಕರೆ ಕಾರ್ಖಾನೆಗಳದು ಹಂಗಾಮಿನ ಕತೆ. ಕಬ್ಬು ನುರಿಯಲು ಶುರುವಾದರೆ ಹಗಲು ರಾತ್ರಿ ನಿಲ್ಲಿಸುವಂತಿಲ್ಲ. ರಿಪೇರಿ ಅವಸರದಲ್ಲಿ, ಜನ ಗುತ್ತಿಗೆಯಲ್ಲಿ. 2018ರ ಡಿಸೆಂಬರ್‌ನಲ್ಲಿ ಮುಧೋಳ ತಾಲ್ಲೂಕಿನ ಸಕ್ಕರೆ ಕಾರ್ಖಾನೆಯೊಂದರ ಕೊಳಚೆ ನೀರಿನ ಘಟಕ ಸ್ಫೋಟಿಸಿ ನಾಲ್ವರು ಸತ್ತರು. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದ ಏಳು ಕಾರ್ಮಿಕರು ಸತ್ತರು. ಇಲ್ಲಿ ಯಾರೂ ಎಲ್ಲಿಗೂ ಕೈ ಹಾಕಿರಲಿಲ್ಲ.

ತಡೆಯುವ ಕ್ರಮ ಗೊತ್ತಿಲ್ಲದ್ದೇನಲ್ಲ. ಮೊದಲು ಅಪಾಯವನ್ನೇ ತೆಗೆಯಬೇಕು. ಆಗದಿದ್ದರೆ ಯಂತ್ರಕ್ಕೆ ಗಾರ್ಡ್, ಧೂಳು ಎಳೆಯುವ ಫ್ಯಾನು. ಆಮೇಲೆ ತರಬೇತಿ. ಹೆಲ್ಮೆಟ್, ಕೈಗವಸು, ಮಾಸ್ಕ್ ಕೊನೆಗೆ. ನಮ್ಮಲ್ಲಿ ಇದು ತಲೆಕೆಳಗು. ಮಾರ್ಚ್ 4ರ ಸುರಕ್ಷತಾ ದಿನ ಹೆಲ್ಮೆಟ್ ಹಂಚಿ ಫೋಟೊ ತೆಗೆಸಿಕೊಳ್ಳುತ್ತೇವೆ.

2025ರ ನವೆಂಬರ್ 21ರಂದು ಹಳೆಯ ಕಾಯ್ದೆಗಳ ಬದಲಿಗೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ನೇಮಕಾತಿ ಪತ್ರ ಕಡ್ಡಾಯವಾಗಿದೆ. ಇದು ಒಳ್ಳೆಯದೇ. ಆದರೆ 1948ರ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಜನ ಇದ್ದರೆ ಫ್ಯಾಕ್ಟರಿ ಆಗುತ್ತಿತ್ತು. ಸಂಹಿತೆಯಲ್ಲಿ 20 ಜನ ಬೇಕು. ಎರಡು ಪ್ರೆಸ್, ಒಂದು ಲೇಥ್, ಹದಿನೈದು ಜನರ ಶೆಡ್ಡಿಗೆ ಸಾಮಾನ್ಯ ಹೊಣೆಗಳು ಉಳಿಯುತ್ತವೆ, ಫ್ಯಾಕ್ಟರಿ ಎಂಬ ಪಟ್ಟ ಉಳಿಯುವುದಿಲ್ಲ. ಉದ್ಯಮಬಾಗ, ಮಚ್ಛೆಗಳಲ್ಲಿ ಇಂಥ ಶೆಡ್ಡುಗಳಿಗೆ ಬರವಿಲ್ಲ.

ಇಎಸ್‌ಐ ಎಂಬ ಕಾರ್ಮಿಕರ ವಿಮೆಗೆ ಮಾತ್ರ 10 ಜನ ಸಾಕು. ತಿಂಗಳಿಗೆ 21,000 ರೂಪಾಯಿವರೆಗೆ ಕೂಲಿ ಇರುವವರು ಅದರಲ್ಲಿ ಬರುತ್ತಾರೆ. ಕೆಲಸದಲ್ಲಿ ಗಾಯವಾಗಿ ಮನೆಯಲ್ಲಿದ್ದರೆ ಕೂಲಿಯ ಶೇ. 90ರಷ್ಟು ಸಿಗುತ್ತದೆ. ಅದಕ್ಕೆ ಎಷ್ಟು ದಿನ ಕಂತು ಕಟ್ಟಿದ್ದಾನೆ ಎಂಬ ಲೆಕ್ಕ ಇಲ್ಲ, ಮೊದಲ ದಿನದ ಗಾಯಕ್ಕೂ ಹಕ್ಕಿದೆ. ಕಷ್ಟ ಬರುವುದು ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಗುತ್ತಿಗೆ ಹೆಲ್ಪರ್‌ಗೆ. ಕೆಲಸಕ್ಕೆ ಸೇರಿದವರು ಮೊದಲ ವಾರದಲ್ಲೇ ಇಎಸ್‌ಐ ನಂಬರ್ ಕೇಳಿ ಬರೆದಿಟ್ಟುಕೊಳ್ಳಲಿ. ಕೇಳಲು ಸಂಕೋಚವಾದರೆ ಜತೆಗಿರುವ ನಾಲ್ಕು ಜನ ಸೇರಿ ಕೇಳಲಿ.