ಮೈಸೂರಿನಿಂದ ದೆಹಲಿಗೆ ನೇರ ವಿಮಾನ ಏಕಿಲ್ಲ?

ಯಾವುದೋ ದೇಶದ ಚಿಕ್ಕ ರನ್‌ವೇಯಿಂದ ಏರ್‌ಬಸ್ ಎ320 ಚಂಗನೆ ಮೇಲೇಳುವ ವಿಡಿಯೊ ಆಗಾಗ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ‘ಅಲ್ಲಿ ಆಗುತ್ತೆ, ನಮ್ಮ ಮಂಡಕಳ್ಳೀಲಿ ಯಾಕಾಗಲ್ಲ? ಎಲ್ಲಾ ರಾಜಕೀಯ’ ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ರಾಜಕೀಯ ಇಲ್ಲವೆಂದಲ್ಲ. ಆದರೆ ಅದಕ್ಕೂ ಮೊದಲು ಗಾಳಿಯದೇ ಒಂದು ತಕರಾರಿದೆ. ಅದು ಯಾವ ಮನವಿ ಪತ್ರಕ್ಕೂ ಬಗ್ಗುವಂಥದ್ದಲ್ಲ.

ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯ ರನ್‌ವೇ 1,740 ಮೀಟರ್. ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಉಷ್ಣಾಂಶದಲ್ಲಿ, ಪೂರ್ತಿ ಭಾರ ಹೊತ್ತ ಎ320 ಜೆಟ್‌ಗೆ ಸುಮಾರು 2,100 ಮೀಟರ್ ಬೇಕು. ಅದಕ್ಕಿಂತ ಚಿಕ್ಕದಾದ ಪ್ರೊಪೆಲ್ಲರ್ ವಿಮಾನ ಎಟಿಆರ್-72ಕ್ಕೆ 1,300ರ ಆಸುಪಾಸು ಸಾಕು. ಖಾಲಿ ಎ320 ಆದರೆ ಇದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಏಳುತ್ತದೆ, ವಿಡಿಯೊದ ಗುಟ್ಟು ಅಷ್ಟೇ.

ಜನ ಮರೆಯುವ ಸಂಗತಿ ಇನ್ನೊಂದಿದೆ. ರನ್‌ವೇ ಉದ್ದವನ್ನು ಲೆಕ್ಕ ಹಾಕುವುದು ಎಲ್ಲವೂ ಸರಿಯಿದ್ದಾಗ ಏಳುವುದಕ್ಕಲ್ಲ, ಕೆಟ್ಟಾಗ ಪಾರಾಗುವುದಕ್ಕೆ. ಕಾಲುವೆ ಹಾರಲು ಓಡಿ ಬರುವವನ ಚಪ್ಪಲಿ ಬಾರು ಕೊನೇ ಗಳಿಗೆಯಲ್ಲಿ ಕಿತ್ತರೆ, ದಡದಲ್ಲೇ ನಿಲ್ಲುವಷ್ಟು ಜಾಗ ಉಳಿದಿರಬೇಕಲ್ಲ, ಹಾಗೆ. ಪೈಲಟ್‌ಗಳು ಪ್ರತಿ ಟೇಕಾಫ್‌ಗೂ ಮುಂಚೆ ‘ವಿ-ಒನ್’ ಎಂಬ ವೇಗವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಆ ವೇಗ ಮುಟ್ಟುವ ಮೊದಲು ಒಂದು ಎಂಜಿನ್ ಸತ್ತರೆ ಬ್ರೇಕ್ ಒತ್ತಿ ರನ್‌ವೇಯಲ್ಲೇ ನಿಲ್ಲಿಸಬೇಕು. ಮುಟ್ಟಿದ ಮೇಲೆ ಸತ್ತರೆ ಉಳಿದ ಒಂದೇ ಎಂಜಿನ್ ನೆಚ್ಚಿಕೊಂಡು ಹಾರಲೇಬೇಕು. ಎರಡಕ್ಕೂ ನೆಲ ಸಾಲದಿದ್ದರೆ ಭಾರ ಇಳಿಸಬೇಕು. ಎಂದರೆ ಸೀಟು ಖಾಲಿ ಬಿಡಬೇಕು, ಇಲ್ಲವೇ ಇಂಧನ ಕಡಿಮೆ ತುಂಬಬೇಕು. ವಿಮಾನಯಾನದವರು ಇದನ್ನು ಲೋಡ್ ಪೆನಾಲ್ಟಿ ಎನ್ನುತ್ತಾರೆ.

ಇನ್ನು ಗಾಳಿ. ಮೈಸೂರು ಸಮುದ್ರ ಮಟ್ಟದಿಂದ 700 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಹಾಗಾಗಿ ಒತ್ತಡ ಕಡಿಮೆ. ಅದರ ಮೇಲೆ ಏಪ್ರಿಲ್‌ನ 35 ಡಿಗ್ರಿ ಬಿಸಿಲು. ಕಾದ ಗಾಳಿ ಹಿಗ್ಗಿ ಇನ್ನಷ್ಟು ತೆಳುವಾಗುತ್ತದೆ. ಲೆಕ್ಕ ಹಾಕಿದರೆ ಆ ಹೊತ್ತಿನ ಮಂಡಕಳ್ಳಿಯ ಗಾಳಿ, ಸಮುದ್ರ ಮಟ್ಟದ 15 ಡಿಗ್ರಿಯ ಗಾಳಿಗಿಂತ ನೂರಕ್ಕೆ 14ರಷ್ಟು ಹಗುರ. ವಿಮಾನ ನಿಂತಿರುವುದು ಮಂಡಕಳ್ಳಿಯಲ್ಲೇ, ಆದರೆ ಅದರ ರೆಕ್ಕೆಗೆ ಸಿಗುವುದು 1,550 ಮೀಟರ್ ಎತ್ತರದ ಗಾಳಿ. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟವೇ 1,454 ಮೀಟರ್. ತೆಳು ಗಾಳಿಯಲ್ಲಿ ಅಷ್ಟೇ ಭಾರ ಎತ್ತಲು ವೇಗ ಶೇ 8ರಷ್ಟು ಹೆಚ್ಚಬೇಕು. ಓಡುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಅದು ಶೇ 16 ಹೆಚ್ಚುತ್ತದೆ. ಎಂಜಿನ್ ನುಂಗುವ ಗಾಳಿಯೂ ಅದೇ ತೆಳು ಗಾಳಿ, ನೂಕುಬಲವೂ ಕುಗ್ಗುತ್ತದೆ, ದೂರ ಮತ್ತೂ ಬೆಳೆಯುತ್ತದೆ. ಹೊಸ ಮಾರ್ಗದ ಉದ್ಘಾಟನೆಗೆ ನಮ್ಮವರು ರಾಹುಕಾಲ ನೋಡುತ್ತಾರೆ. ವಿಮಾನಕ್ಕೆ ಬೇಸಗೆಯ ಮಧ್ಯಾಹ್ನ ಮೂರು ಗಂಟೆ ಏಳು ದಿನವೂ ರಾಹುಕಾಲವೇ!

ನಂಬಿಕೆ ಬಾರದಿದ್ದರೆ ಶಿಮ್ಲಾ ನೋಡಿ. ಸಣ್ಣ ಊರುಗಳಿಗೂ ವಿಮಾನ ತಲುಪಿಸುವ ಕೇಂದ್ರದ ಉಡಾನ್ ಯೋಜನೆಯ ಮೊದಲ ವಿಮಾನಕ್ಕೆ 2017ರ ಏಪ್ರಿಲ್ 27ರಂದು ಅಲ್ಲೇ ಹಸಿರು ನಿಶಾನೆ ಸಿಕ್ಕಿದ್ದು. ಅಲ್ಲಿನ ರನ್‌ವೇ ಸುಮಾರು 1,230 ಮೀಟರ್, ಇರುವುದು 1,500 ಮೀಟರಿಗೂ ಎತ್ತರದಲ್ಲಿ. ಎಟಿಆರ್-42ರಂಥ ಪುಟ್ಟ ವಿಮಾನವೂ ದೆಹಲಿಯಿಂದ ತಂದಷ್ಟು ಜನರನ್ನು ಹೊತ್ತು ಅಲ್ಲಿಂದ ಏಳಲಾರದೆ, ಸೀಟು ಖಾಲಿ ಬಿಟ್ಟು ಹೊರಡಬೇಕಾಯಿತು.

ಹೀಗಾಗಿ ಮೈಸೂರಿಗೆ ಉಳಿದದ್ದು ಎಟಿಆರ್. ಅದು ಹೋಗುವುದು ಗಂಟೆಗೆ 500 ಕಿಲೋಮೀಟರಿನ ಆಸುಪಾಸಿನಲ್ಲಿ. ಚೆನ್ನೈ, ಹೈದರಾಬಾದ್‌ಗೆ ಹೇಳಿ ಮಾಡಿಸಿದ್ದು. ಮುಂಬೈ ಮುಟ್ಟಬಹುದು, ಎರಡು ಗಂಟೆ ಹಿಡಿಯುತ್ತದೆ. ದೆಹಲಿ 1,800 ಕಿಲೋಮೀಟರ್ ದೂರ, ಪೂರ್ತಿ ಜನ ತುಂಬಿದ ಎಟಿಆರ್‌ಗೆ ಒಂದೇ ಹಾರಾಟದಲ್ಲಿ ನಿಲುಕುವುದಿಲ್ಲ. ಬೆಂಗಳೂರಿನ ಮಾತು ಬೇಡ. 2010ರಲ್ಲಿ ಮಂಡಕಳ್ಳಿಯಲ್ಲಿ ಹೊಸ ಟರ್ಮಿನಲ್ ಆದಾಗ ಕಿಂಗ್‌ಫಿಷರ್ ಬೆಂಗಳೂರಿಗೆ ಹಾರಾಟ ಶುರುಮಾಡಿ ಮರುವರ್ಷವೇ ಕೈಬಿಟ್ಟಿತು. 2023ರಲ್ಲಿ ಬೆಂಗಳೂರಿಗೆ ದಶಪಥ ಹೆದ್ದಾರಿ ಆದ ಮೇಲಂತೂ ಚೆಕ್-ಇನ್ ಮಾಡಿ ಕೂರುವಷ್ಟರಲ್ಲಿ ಕಾರು ರಾಮನಗರ ದಾಟಿರುತ್ತದೆ. ದೆಹಲಿಗೆ ಹೋಗುವವರು ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹತ್ತಿ ಬೆಂಗಳೂರನ್ನೂ ದಾಟಿ ದೇವನಹಳ್ಳಿಗೆ ಹೋಗಿ ಅಲ್ಲಿಂದ ಹಾರುತ್ತಾರೆ.

ಮಂಡಕಳ್ಳಿಯ ನಿಲ್ದಾಣ ಮೈಸೂರು ಸಂಸ್ಥಾನ 1940ರಲ್ಲಿ ಕಟ್ಟಿಸಿದ್ದು. ಆಗ ಜಾಗ ಆರಿಸಿದವರ ಕಣ್ಣ ಮುಂದೆ ಇದ್ದದ್ದು ಸಣ್ಣ ಪ್ರೊಪೆಲ್ಲರ್ ವಿಮಾನ. ಪಕ್ಕದಲ್ಲೇ ನಂಜನಗೂಡಿನ ರಸ್ತೆ, ರೈಲು ಹಳಿ ಇರುವುದು ಅವರಿಗೆ ಅನುಕೂಲವಾಗಿಯೇ ಕಂಡಿರಬೇಕು. ರನ್‌ವೇಯನ್ನು 2,750 ಮೀಟರಿಗೆ ಹಿಗ್ಗಿಸುವ ಯೋಜನೆಗೆ ಈಗ ಅಡ್ಡಗಾಲಾಗಿರುವುದು ಅವೇ.

ಹಿಗ್ಗಿಸಿದರೆ ಸಾಕೇ? ಕಲಬುರಗಿಯ ರನ್‌ವೇ 3,175 ಮೀಟರ್, ಜೆಟ್‌ಗಳಿಗೆ ಧಾರಾಳ. ಆದರೂ ವಿಮಾನ ಸಾಲುಗಟ್ಟಿ ನಿಂತಿಲ್ಲ. ಉಡಾನ್‌ನಲ್ಲಿ ಸರ್ಕಾರ ನಷ್ಟ ತುಂಬಿಕೊಡುವುದು ಒಂದು ಮಾರ್ಗಕ್ಕೆ ಮೂರು ವರ್ಷ, ಆಮೇಲೆ ಟಿಕೆಟ್ ದುಡ್ಡಿನಲ್ಲೇ ಬದುಕಬೇಕು. ಮೈಸೂರಿಗೆ ಆ ಚಿಂತೆ ಅಷ್ಟಿಲ್ಲವೆಂದು ನನ್ನ ಎಣಿಕೆ. ಇನ್ಫೊಸಿಸ್ ತರಬೇತಿಗೆ ಉತ್ತರದಿಂದ ಬರುವ ಹುಡುಗರಿದ್ದಾರೆ, ಅರಮನೆ ನೋಡುವವರಿದ್ದಾರೆ. ಪ್ರವಾಸಿಗರು ಕಿಕ್ಕಿರಿಯುವ ದಸರೆ ಬರುವುದು ಬೇಸಗೆ ಕಳೆದು ಗಾಳಿ ತಂಪಾಗಿರುವಾಗ. ವಿಮಾನ ಹೆಚ್ಚು ಭಾರ ಹೊತ್ತು ಏಳಬಲ್ಲ ಕಾಲವೂ ಅದೇ. ಕಷ್ಟವಿರುವುದು ಏಪ್ರಿಲ್, ಮೇ ರಜೆಯಲ್ಲಿ. ಆಗಲೂ ಮುಂಜಾನೆ ಆರರ ವಿಮಾನ ಮಧ್ಯಾಹ್ನದ್ದಕ್ಕಿಂತ ಹೆಚ್ಚು ಜನರನ್ನು ಹೊರಬಲ್ಲದು.