ಮನೆಯ ಗಾಳಿಯಂತ್ರ: ಕಿಲೋವ್ಯಾಟ್ ಕೇಳಬೇಡಿ, ರೆಕ್ಕೆ ಅಳೆಯಿರಿ

ಮುಂಗಾರು ಹಿಡಿಯುತ್ತಿದ್ದಂತೆ ಕೊಡಗಿನ ತೋಟದ ಮನೆಗಳಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸಾರ್, ಲೈನ್ ಮೇಲೆ ಮರ ಬಿದ್ದು ಕರೆಂಟಿಲ್ಲ. ಸೋಲಾರ್‌ಗೆ ಬಿಸಿಲಿಲ್ಲ. ಗಾಳಿ ಮಾತ್ರ ಬೇಕಾದಷ್ಟಿದೆ. ಒಂದು ಕಿಲೋವ್ಯಾಟಿನ ವಿಂಡ್‌ಮಿಲ್ ಆನ್‌ಲೈನಲ್ಲಿ ಸಿಗ್ತದೆ, ಹಾಕಿಸಲಾ?" ಯೋಚನೆಯಲ್ಲಿ ತಪ್ಪಿಲ್ಲ. ಬಿಸಿಲು ಕೈಕೊಡುವ ತಿಂಗಳುಗಳಲ್ಲೇ ನಮ್ಮಲ್ಲಿ ಗಾಳಿ ಜೋರು. ತೊಡಕಿರುವುದು ಆ "ಒಂದು ಕಿಲೋವ್ಯಾಟ್" ಎಂಬ ಮಾತಿನಲ್ಲಿ.

ಡಬ್ಬದ ಮೇಲೆ ಬರೆದ ವ್ಯಾಟ್ ಒಂದು ನಿಗದಿತ ಗಾಳಿವೇಗಕ್ಕೆ ಹೇಳಿದ್ದು. ಸಾಮಾನ್ಯವಾಗಿ ಸೆಕೆಂಡಿಗೆ 11 ಇಲ್ಲವೇ 12 ಮೀಟರ್, ಅಂದರೆ ಗಂಟೆಗೆ 40 ಕಿಲೋಮೀಟರ್ ಆಸುಪಾಸು. ದೊಡ್ಡ ಕೊಂಬೆಗಳು ಓಲಾಡುವ, ಕೊಡೆ ಹಿಡಿದು ನಡೆಯಲು ಪರದಾಡಬೇಕಾದ ಗಾಳಿ ಅದು. ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಮಡಿಕೇರಿ ಬಳಿಯ ಮಾಂದಲಪಟ್ಟಿ ಗುಡ್ಡದ ನೆತ್ತಿಗೆ ಹೋದವರಿಗೆ ಅದರ ಪರಿಚಯ ಇರುತ್ತದೆ. ನಿಮ್ಮ ಅಂಗಳದಲ್ಲಿ ಅಂಥದ್ದು ವರ್ಷಕ್ಕೆ ಎಷ್ಟು ಗಂಟೆ ಬೀಸುತ್ತದೆ? ಎಲೆ ಮತ್ತು ಸಣ್ಣ ರೆಂಬೆಗಳು ಬಿಡದೆ ಅಲುಗುತ್ತಿದ್ದರೆ ಗಾಳಿ ಸೆಕೆಂಡಿಗೆ ಮೂರೂವರೆಯಿಂದ ಐದು ಮೀಟರ್ ಇದೆ ಎಂದು ಲೆಕ್ಕ. "ನಮ್ಮಲ್ಲಿ ಒಳ್ಳೇ ಗಾಳಿ" ಎನ್ನುವವರ ಅಂಗಳದಲ್ಲಿ ಹೆಚ್ಚಿನ ದಿನ ನಾನು ಕಂಡಿರುವುದು ಇಷ್ಟೇ.

ಇಲ್ಲಿ ಗಾಳಿಯ ಗಣಿತ ನಿರ್ದಯಿ. ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟರಲ್ಲಿ ಒಂದು ಪಾಲು. 12ರಿಂದ 4 ಮೀಟರಿಗೆ ಇಳಿದರೆ 27ರಲ್ಲಿ ಒಂದು ಪಾಲು. ಮಡಿಕೇರಿಯಷ್ಟು ಎತ್ತರದಲ್ಲಿ ಗಾಳಿಯೂ ಸ್ವಲ್ಪ ತೆಳು. ಘನ ಮೀಟರಿಗೆ ಸುಮಾರು 1.05 ಕಿಲೋ, ಸಮುದ್ರಮಟ್ಟಕ್ಕಿಂತ ಹತ್ತು ಹದಿನೈದು ಶೇಕಡಾ ಕಡಿಮೆ. ಇದನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೆ, 12 ಮೀಟರ್ ವೇಗದ ಗಾಳಿಯ ಒಂದು ಚದರ ಮೀಟರಿನಲ್ಲಿ ಸುಮಾರು 900 ವ್ಯಾಟ್ ಇರುತ್ತದೆ, 4 ಮೀಟರ್ ವೇಗದ್ದರಲ್ಲಿ ಬರೀ 34.

ಅಷ್ಟೂ ನಮ್ಮ ಕೈಗೆ ಬರುವುದಿಲ್ಲ. ಯಾವ ಯಂತ್ರವೂ ಗಾಳಿಯ ಶಕ್ತಿಯಲ್ಲಿ ಶೇಕಡಾ 59.3ಕ್ಕಿಂತ ಹೆಚ್ಚು ಹಿಡಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ತೋರಿಸಿದ್ದಾರೆ. ಮನೆ ಬಳಕೆಯ ಸಣ್ಣ ಯಂತ್ರ ಶೇಕಡಾ 30 ಕೊಟ್ಟರೆ ಅದು ಒಳ್ಳೆಯ ಯಂತ್ರ.

ಹಾಗಾಗಿ ಯಾರಾದರೂ ಯಂತ್ರದ ಫೋಟೋ ಕಳಿಸಿದರೆ ನಾನು ಮೊದಲು ಕೇಳುವುದು ರೆಕ್ಕೆಯ ತುದಿಯಿಂದ ಎದುರು ತುದಿಗೆ ಎಷ್ಟು ಅಗಲ ಎಂದು. ಆ ವ್ಯಾಸವನ್ನು ಅದರಿಂದಲೇ ಗುಣಿಸಿ, ಮತ್ತೆ 0.785ರಿಂದ ಗುಣಿಸಿದರೆ ರೆಕ್ಕೆ ಗುಡಿಸುವ ವಿಸ್ತೀರ್ಣ ಸಿಗುತ್ತದೆ. 1.2 ಮೀಟರ್ ವ್ಯಾಸಕ್ಕೆ 1.13 ಚದರ ಮೀಟರ್. 12 ಮೀಟರ್ ಗಾಳಿಯಲ್ಲಿ ಅದರ ಮೂಲಕ ಹಾಯುವ ಒಟ್ಟು ಶಕ್ತಿಯೇ ಸಾವಿರ ವ್ಯಾಟ್ ಚಿಲ್ಲರೆ. ಬೆಟ್ಜ್ ಮಿತಿಯಲ್ಲಿ 600, ವಾಸ್ತವದಲ್ಲಿ 300. ಅದರ ಮೇಲೆ "1000 ವ್ಯಾಟ್" ಎಂದು ಅಂಟಿಸಿದ್ದರೆ ಮುಂದೆ ಓದುವ ಅಗತ್ಯವಿಲ್ಲ. ಐದು ರೆಕ್ಕೆ, ಆರು ರೆಕ್ಕೆ, ಕಮಲದ ಹೂವಿನಂತೆ ನಿಂತ ಲಂಬ ಯಂತ್ರ, ಯಾವುದಾದರೂ ಸರಿ, ಗುಡಿಸುವ ವಿಸ್ತೀರ್ಣದ ಮೂಲಕ ಹಾಯುವ ಶಕ್ತಿಯೇ ಮಿತಿ ಎಂಬುದು ಬದಲಾಗುವುದಿಲ್ಲ (ಲಂಬ ಯಂತ್ರಕ್ಕೆ ಆ ವಿಸ್ತೀರ್ಣ ಅಗಲವನ್ನು ಎತ್ತರದಿಂದ ಗುಣಿಸಿದಷ್ಟು).

ಇನ್ನು ಮಾರುವವರ ವಿಡಿಯೋಗಳು. ಫ್ಯಾನು ಗಿರಗಿರ ತಿರುಗುತ್ತದೆ, ಮಲ್ಟಿಮೀಟರ್ 70 ವೋಲ್ಟ್ ತೋರಿಸುತ್ತದೆ, ನೋಡುವವರಿಗೆ ಖುಷಿ. ಲೋಡ್ ಇಲ್ಲದ, ಅಂದರೆ ಬಲ್ಬು, ಬ್ಯಾಟರಿ ಏನನ್ನೂ ಜೋಡಿಸದ ಯಂತ್ರ ವೇಗವಾಗಿ ತಿರುಗಲೇಬೇಕು, ವೋಲ್ಟೇಜ್ ಏರಲೇಬೇಕು. ಕರೆಂಟ್ ಹರಿಯದಿದ್ದರೆ ವ್ಯಾಟ್ ಸೊನ್ನೆ. ಇನ್ನೂ ಜಾಣರು ಎರಡು ತಂತಿಯನ್ನು ಶಾರ್ಟ್ ಮಾಡಿ ಆಂಪಿಯರ್ ಓದುತ್ತಾರೆ, ಅದನ್ನು ಆ 70 ವೋಲ್ಟಿನಿಂದ ಗುಣಿಸುತ್ತಾರೆ. ಶಾರ್ಟ್ ಮಾಡಿದಾಗ ವೋಲ್ಟೇಜ್ ಇರುವುದಿಲ್ಲ, ಬಿಟ್ಟಾಗ ಆಂಪಿಯರ್ ಇರುವುದಿಲ್ಲ; ಒಟ್ಟಿಗೆ ಇಲ್ಲದ ಎರಡನ್ನು ಗುಣಿಸಿ ಬಂದ ಸಂಖ್ಯೆಯಿಂದ ಒಂದು ಬಲ್ಬೂ ಉರಿಯದು.

ಸರಿಯಾಗಿ ಅಳೆಯುವುದು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆದ ಮೇಲೆ, ಬ್ಯಾಟರಿಗೆ ಹೋಗುವ ಡಿಸಿ ತಂತಿಯಲ್ಲಿ. ಸಾಧಾರಣ ಕ್ಲಾಂಪ್ ಮೀಟರ್ ಎಸಿ ಮಾತ್ರ ಓದುತ್ತದೆ, ಡಿಸಿ ಓದುವಂಥದ್ದೇ ಬೇಕು. ಅದಕ್ಕಿಂತ ಒಳ್ಳೆಯದು ಶಂಟ್ (ಕರೆಂಟ್ ಅಳೆಯಲು ತಂತಿಯ ದಾರಿಯಲ್ಲಿ ಕೂರಿಸುವ ಪಟ್ಟಿ) ಇರುವ ಸಣ್ಣ ವ್ಯಾಟ್-ಅವರ್ ಮೀಟರ್. ಅದನ್ನು ಕೂರಿಸಿ ತಿಂಗಳುಗಟ್ಟಲೆ ಬಿಡಿ. ಗಾಳಿ ಒಮ್ಮೆ ನುಗ್ಗಿದಾಗ ಕಂಡ 400 ವ್ಯಾಟ್ ಫೋನಿನಲ್ಲಿ ತೋರಿಸಲು ಚೆನ್ನ, ಫ್ರಿಜ್ ಓಡುವುದು ತಿಂಗಳಿಗೆ ಸೇರಿದ ಯೂನಿಟ್ಟಿನಿಂದ. ಒಂದು ಎಚ್ಚರಿಕೆ: ಬ್ಯಾಟರಿ ತುಂಬಿದ್ದರೆ ಕಂಟ್ರೋಲರ್ ಕರೆಂಟನ್ನು ಹೀಟರಿಗೆ ತಿರುಗಿಸುತ್ತದೆ ಇಲ್ಲವೇ ಯಂತ್ರಕ್ಕೆ ಬ್ರೇಕ್ ಹಾಕುತ್ತದೆ. ಆಗ ಮೀಟರ್ ನೋಡಿ ಯಂತ್ರವನ್ನು ಬೈಯುವುದು ಅನ್ಯಾಯ.

ನಿರೀಕ್ಷೆ ಎಷ್ಟಿರಬೇಕು? 2 ಮೀಟರ್ ವ್ಯಾಸದ ಯಂತ್ರ, ಬಯಲಾದ ಗುಡ್ಡದ ಮೇಲೆ, ವರ್ಷದ ಸರಾಸರಿ ಗಾಳಿ 4 ಮೀಟರ್ ಎಂದಿಟ್ಟುಕೊಳ್ಳಿ. ಗಾಳಿ ಸರಾಸರಿಗಿಂತ ಏರಿದಾಗ ಘನದ ಲೆಕ್ಕದಲ್ಲಿ ಸಿಗುವ ಲಾಭವನ್ನೂ ಸೇರಿಸಿದರೆ ದಿನಕ್ಕೆ ಒಂದು ಯೂನಿಟ್ ಸುತ್ತಮುತ್ತ. ಒಂದು ಕಿಲೋವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿನ ದಿನ ಸುಮಾರು ನಾಲ್ಕು ಕೊಡುತ್ತದೆ.

ಬಯಲಾದ ಗುಡ್ಡ ಎಂದೆ. ಕೊಡಗಿನ ಮನೆಗಳು ಇರುವುದು ಅಲ್ಲಲ್ಲ. ಗಾಳಿ ತಾಗದಂತೆ, ಬರೆಯ (ಮಣ್ಣಿನ ದಿಬ್ಬದ) ಮರೆಯಲ್ಲಿ, ಸಿಲ್ವರ್ ಓಕ್, ಮತ್ತಿ, ಹಲಸಿನ ನಡುವೆ ಮನೆ ಕಟ್ಟಿದ ಹಿರಿಯರು ಜಾಣರೇ. ಹೆಂಚು ಹಾರದಿರಲಿ ಎಂದು ಕಟ್ಟಿದ ಜಾಗದಲ್ಲಿ ರೆಕ್ಕೆಯೂ ತಿರುಗದು. ರೆಕ್ಕೆಯ ಕೆಳತುದಿ ಸುತ್ತಲಿನ 500 ಅಡಿಯೊಳಗಿನ ಎಲ್ಲಕ್ಕಿಂತ 30 ಅಡಿ ಮೇಲಿರಬೇಕು ಎಂಬುದು ಈ ಕಸುಬಿನ ಹಳೆಯ ನಿಯಮ. ಮರ 80 ಅಡಿ ಇದ್ದರೆ ಕಂಬ 110 ಅಡಿಗೂ ಮೇಲೆ. ತಾರಸಿಯ ಮೇಲೆ ಎಂಟಡಿ ಪೈಪ್ ನಿಲ್ಲಿಸಿದರೆ ಸಿಗುವುದು ಸುಳಿಗಾಳಿ ಮತ್ತು ರಾತ್ರಿಯಿಡೀ ಗೋಡೆಯ ನಡುಕ. ಇಂಗ್ಲೆಂಡಿನಲ್ಲಿ ಕಟ್ಟಡಗಳ ಮೇಲೆ ಕೂರಿಸಿದ 26 ಸಣ್ಣ ಯಂತ್ರಗಳನ್ನು ಅಳೆದ ವಾರ್ವಿಕ್ ಪ್ರಯೋಗದ ವರದಿ 2009ರಲ್ಲಿ ಬಂತು. ಕೆಟ್ಟು ನಿಂತ ದಿನಗಳನ್ನೂ ಸೇರಿಸಿ ಒಂದು ಯಂತ್ರದ ಸರಾಸರಿ ದಿನಕ್ಕೆ 214 ವ್ಯಾಟ್-ಅವರ್, ಕಾಲು ಯೂನಿಟ್ಟೂ ಇಲ್ಲ.

ಗದಗ, ಚಿತ್ರದುರ್ಗದ ಗುಡ್ಡಗಳಲ್ಲಿ ತಿರುಗುತ್ತವಲ್ಲ ಎಂದು ಕೇಳುತ್ತಾರೆ. ಅವು ಬೋಳು ಗುಡ್ಡಗಳು, ಕಂಬ ಗಗನದಲ್ಲಿ, ರೆಕ್ಕೆ ಹತ್ತಾರು ಮೀಟರ್. ಇದಕ್ಕೂ ಅದಕ್ಕೂ ಹೋಲಿಕೆ ಬೇಡ.

ಗುಡ್ಡದ ನೆತ್ತಿಯಲ್ಲೇ ಮನೆ ಇದ್ದು, ಪಶ್ಚಿಮಕ್ಕೆ ಮರವಿಲ್ಲದಿದ್ದರೆ ಮಾತು ಬೇರೆ. ಆಗಲೂ ಯಂತ್ರಕ್ಕೆ ಮೊದಲು ಗಾಳಿವೇಗ ಅಳೆಯುವ ಒಂದು ಕಪ್ ಅನೆಮೋಮೀಟರನ್ನು ಕಂಬದ ಎತ್ತರದಲ್ಲಿ ಕಟ್ಟಿ, ವರ್ಷವಿಡೀ ದಾಖಲಿಸಿ. ಮಳೆಗಾಲ ಮಾತ್ರ ಅಳೆದರೆ ಜನವರಿಯಲ್ಲಿ ನಿರಾಸೆ.

ಉಳಿದವರಿಗೆ ನಾನು ಹೇಳುವುದು ತೋಟದ ತೋಡು, ಅಂದರೆ ಹಳ್ಳ, ನೋಡಿ ಎಂದು. 20 ಲೀಟರಿನ ಬಕೆಟ್ ನಾಲ್ಕು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್. 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿಸಿ, ಕೆಳಗೆ ನೀರಿನಿಂದ ತಿರುಗುವ ಸಣ್ಣ ಯಂತ್ರ ಕೂರಿಸಿದರೆ, ಅರ್ಧ ನಷ್ಟವಾದರೂ ಸುಮಾರು 490 ವ್ಯಾಟ್ ಹಗಲೂ ರಾತ್ರಿಯೂ ಬರುತ್ತದೆ. ದಿನಕ್ಕೆ ಹನ್ನೊಂದು ಹನ್ನೆರಡು ಯೂನಿಟ್. ಅದೂ ಲೈನ್ ಮೇಲೆ ಮರ ಬೀಳುವ ತಿಂಗಳುಗಳಲ್ಲೇ.